ಪಿಡಿಎಫ್‌ಗೆ ಬೀಗ ಹಾಕಿದ್ದೀರಿ ಸರಿ, ಯಾವ ಬೀಗ?

ನಮಸ್ಕಾರ. ಮಡಿಕೇರಿಯಲ್ಲಿ ಬೆಳಗ್ಗೆಯಿಂದ ಒಂದೇ ಸಮ ಮಳೆ. ಹಿಂದೆ ಕೇಳುತ್ತಿರುವುದು ಶೀಟಿನ ಸದ್ದು, ಮೈಕ್ ಕೆಟ್ಟಿಲ್ಲ. ಕರೆಂಟ್ ಹೋಗುವ ಮೊದಲು ಮುಗಿಸಿಬಿಡೋಣ.

ಮಳೆಗಾಲದಲ್ಲಿ ನಮ್ಮ ಕಡೆ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ಅಲ್ವಾ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಮೇಲೆ ನಾವು ಪಹಣಿ, ಕ್ರಯಪತ್ರ, ಅಪ್ಪನ ಆಧಾರ್ ಎಲ್ಲವನ್ನೂ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದೆವು. ಎರಡು ತಿಂಗಳ ನಂತರ ಬೇರೆ ಏನೋ ಪ್ರಿಂಟ್ ತೆಗೆಸಲು ಅಲ್ಲಿಗೇ ಹೋದರೆ, ಅಪ್ಪನ ಹೆಸರಿನ ಫೋಲ್ಡರ್ ಡೆಸ್ಕ್‌ಟಾಪ್ ಮೇಲೆ ಆರಾಮಾಗಿ ಕೂತಿತ್ತು! ಅಂಗಡಿ ಹುಡುಗನನ್ನು ಬೈದು ಏನು ಬಂತು, ಅಳಿಸು ಅಂತ ನಾವೇ ಹೇಳಿರಲಿಲ್ಲ.

ಇ-ಆಧಾರ್‌ಗೆ ಪಾಸ್‌ವರ್ಡ್ ಇದ್ದೇ ಇದೆಯಲ್ಲ ಅಂತೀರಾ? ಇದೆ. ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ದೊಡ್ಡಕ್ಷರದಲ್ಲಿ, ಆಮೇಲೆ ಹುಟ್ಟಿದ ವರ್ಷ. ಹೆಸರು ಗೊತ್ತಿದ್ದವನಿಗೆ ಉಳಿಯುವುದು ವರ್ಷ ಮಾತ್ರ, ಹೆಚ್ಚೆಂದರೆ ನೂರು ಸಲ ಒತ್ತಿ ನೋಡಬೇಕು. ನಮ್ಮೂರಲ್ಲಂತೂ ಅಷ್ಟೂ ಬೇಡ, ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿದರೆ ನಿಮ್ಮ ಜೊತೆ ಓದಿದವರನ್ನೂ ಸೇರಿಸಿ ವಯಸ್ಸು ಲೆಕ್ಕ ಹಾಕಿ ಹೇಳುತ್ತಾರೆ. ಹೋಂಸ್ಟೇಗಳಿಗೆ ಕಳಿಸುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಕಳಿಸಿ.

ಈಗ ಎನ್‌ಕ್ರಿಪ್ಶನ್. ಫೈಲ್ ಒಳಗಿರುವುದನ್ನೆಲ್ಲ ಒಂದು ಲೆಕ್ಕದ ಪ್ರಕಾರ ಕಲಸಿಬಿಡುವುದು, ನಿಮ್ಮ ಪಾಸ್‌ವರ್ಡ್ ಸಿಕ್ಕರೆ ಮಾತ್ರ ಅದು ಮತ್ತೆ ಮೊದಲಿನಂತೆ ಆಗುತ್ತದೆ. ಇವತ್ತು ಜಾಸ್ತಿ ಬಳಸುವ ಲೆಕ್ಕ ಎಇಎಸ್, ಅಮೆರಿಕ 2001ರಲ್ಲಿ ಒಪ್ಪಿಕೊಂಡದ್ದು. ಇದರ ಜೊತೆ ಗುದ್ದಾಡುವ ಬದಲು ಕಳ್ಳರು ನಿಮ್ಮ ಪಾಸ್‌ವರ್ಡನ್ನೇ ಊಹಿಸುತ್ತಾರೆ. ಹುಟ್ಟಿದ ದಿನ ಇಟ್ಟಿದ್ದೀರಾ? ನೂರು ವರ್ಷಕ್ಕೆ ಸುಮಾರು 36,500 ದಿನ. ಕಂಪ್ಯೂಟರಿಗೆ ಅದು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಕೆಲಸವೂ ಅಲ್ಲ.

ಹಾಗಾಗಿ ಒಂದಕ್ಕೊಂದು ಸಂಬಂಧ ಇಲ್ಲದ ಐದು ಪದ ಇಡಿ. ಕಣ್ಣು ಮುಚ್ಚಿ ಪುಸ್ತಕ ತೆರೆದು ಬೆರಳಿಟ್ಟದ್ದು ಯಾವುದೋ ಅದು. ಕಾಫಿ, ಕರಿಮೆಣಸು, ಕಾವೇರಿ ಮಾತ್ರ ಬೇಡ ಮಾರಾಯ್ರೇ, ಅದನ್ನು ಯಾರು ಬೇಕಾದರೂ ಊಹಿಸುತ್ತಾರೆ.

[ಸ್ಕ್ರೀನ್ ರೆಕಾರ್ಡಿಂಗ್]

ಇದು ಲಿಬ್ರೆ ಆಫೀಸ್, ಕಾಗದಪತ್ರ ತೆರೆದು ಪಿಡಿಎಫ್ ಮಾಡಬಹುದಾದ ಸಾಫ್ಟ್‌ವೇರ್, ಪುಕ್ಕಟೆ. ಸ್ಕ್ಯಾನ್ ಮಾಡಿದ ಪಹಣಿ ತೆರೆದಿದ್ದೇನೆ. ಫೈಲ್‌ಗೆ ಹೋಗಿ, ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್, ಅಲ್ಲಿ ಸೆಕ್ಯುರಿಟಿ, ಸೆಟ್ ಪಾಸ್‌ವರ್ಡ್ಸ್. ನೋಡಿ, ಎರಡು ಕಡೆ ಪಾಸ್‌ವರ್ಡ್ ಕೇಳುತ್ತಿದೆ. ಮೇಲಿನದು ಫೈಲ್ ತೆರೆಯಲು. ಕೆಳಗಿನದು ಪ್ರಿಂಟ್, ಕಾಪಿ ಮಾಡದಂತೆ ತಡೆಯಲು. ತುಂಬಾ ಜನ ಕೆಳಗಿನದನ್ನು ಮಾತ್ರ ತುಂಬಿ ಭದ್ರವಾಯಿತು ಅಂದುಕೊಳ್ಳುತ್ತಾರೆ, ಆದರೆ ಆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು, ಮತ್ತೆ ಆ ತಡೆಯನ್ನು ಲೆಕ್ಕಕ್ಕೇ ಇಡದ ಸಾಫ್ಟ್‌ವೇರ್‌ಗಳೂ ಇವೆ. ಮೇಲಿನದನ್ನು ತುಂಬಲೇಬೇಕು. ಸುಮ್ನೆ ಗೂಗಲ್‌ನಲ್ಲಿ ಸಿಕ್ಕ ವೆಬ್‌ಸೈಟ್‌ಗೆ ಪಹಣಿ ಹಾಕಿ ಬೀಗ ಹಾಕಿಸಬೇಡಿ, ಬೀಗ ಬೀಳುವ ಮೊದಲೇ ಅದು ಬೇರೆಯವರ ಕಂಪ್ಯೂಟರ್ ಸೇರಿರುತ್ತದೆ.

ಒಂದು ರಾಶಿ ಫೈಲ್ ಇದ್ದರೆ 7-ಜಿಪ್, ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿ ಬೀಗ ಹಾಕುವ ಸಾಫ್ಟ್‌ವೇರ್. ಫೈಲ್ ಯಾವ ಬಗೆಯದು ಅನ್ನುವಲ್ಲಿ 7ಝಡ್ ಆರಿಸಿ, ಪಾಸ್‌ವರ್ಡ್ ಕೊಡಿ, ಕೆಳಗೆ 'ಎನ್‌ಕ್ರಿಪ್ಟ್ ಫೈಲ್ ನೇಮ್ಸ್' ಅಂತ ಇದೆಯಲ್ಲ, ಅದಕ್ಕೂ ಟಿಕ್ ಹಾಕಿ. ಇಲ್ಲದಿದ್ದರೆ ಒಳಗಿನ ಫೈಲ್ ತೆರೆಯದೆಯೂ 'ಬಾಣೆ ಪಾಲುಪಟ್ಟಿ' ಅನ್ನುವ ಹೆಸರು ಎಲ್ಲರಿಗೂ ಕಾಣುತ್ತದೆ. ಜಮೀನಿನ ಪಾಲಿನ ವಿಷಯ ಅಂದಮೇಲೆ ಹೆಸರು ಕಂಡರೇ ಸಾಕಲ್ಲ!

ಬೆಂಗಳೂರಿನಲ್ಲಿರುವ ತಮ್ಮನಿಗೆ ಫೈಲ್ ವಾಟ್ಸ್‌ಆ್ಯಪ್ ಮಾಡಿದರೆ ಪಾಸ್‌ವರ್ಡ್ ಅದರ ಕೆಳಗೇ ಟೈಪ್ ಮಾಡಬೇಡಿ, ಫೋನ್ ಮಾಡಿ ಹೇಳಿ. ನೆಟ್‌ವರ್ಕ್ ಸಿಕ್ಕಾಗ.

ಮರೆತರೆ? ಇದಕ್ಕೆ ಓಟಿಪಿ ಬರುವುದಿಲ್ಲ, ಫರ್ಗಾಟ್ ಪಾಸ್‌ವರ್ಡ್ ಬಟನ್ನೂ ಇಲ್ಲ. ನಾನು ಆ ಐದು ಪದ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಅಮ್ಮನ ಬೀರುವಿನಲ್ಲಿ ಇಟ್ಟಿದ್ದೇನೆ. ಪೆನ್‌ಡ್ರೈವ್ ಬೇರೆ ಕಡೆ ಇದೆ, ಎಲ್ಲಿ ಅಂತ ವಿಡಿಯೋದಲ್ಲಿ ಹೇಳುವುದಿಲ್ಲ.