ಜಾಮ್ ಆಟ ಆಡಿದ ಮೇಲೆ ಏನು ಹೇಳಬೇಕು?

ಎಲ್ಲರಿಗೂ ನಮಸ್ಕಾರ. ಈ ಗೇಮ್ ಜಾಮ್‌ನಲ್ಲಿ, ಅಂದರೆ ಕಡಿಮೆ ಹೊತ್ತಿನಲ್ಲಿ ಕಂಪ್ಯೂಟರ್ ಆಟ ಮಾಡಿ ಮುಗಿಸುವ ಕೂಟದಲ್ಲಿ, ಎರಡು ದಿನ ನಿದ್ದೆಗೆಟ್ಟು ಆಟ ಮಾಡಿದ್ದೀರಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಒಬ್ಬರ ಆಟವನ್ನು ಇನ್ನೊಬ್ಬರು ಆಡುತ್ತೀರಿ. ಅದಕ್ಕೆ ಮುಂಚೆ ಒಂದು ವಿಷಯ ಮಾತಾಡಲಿಕ್ಕೆ ಮಣಿಪಾಲಕ್ಕೆ ಬಂದಿದ್ದೇನೆ. ಆಡಿದವರು ಏನು ಹೇಳಬೇಕು? ಕೇಳಿಸಿಕೊಂಡವರು ಅದನ್ನಿಟ್ಟುಕೊಂಡು ಏನು ಮಾಡಬೇಕು?

ಒಂದು ಆಟ ಊಹಿಸಿಕೊಳ್ಳಿ. ಮಲ್ಪೆಯ ದೋಣಿ. ನಿಮಗೆ ದೋಣಿ ತಿರುಗಿಸಲಿಕ್ಕೆ ಆಗುವುದಿಲ್ಲ, ಅಲೆ ಕೊಂಡುಹೋದ ಕಡೆ ಅದು ಹೋಗುತ್ತದೆ. ನಿಮ್ಮ ಕೈಯಲ್ಲಿರುವುದು ಬಲೆ ಮಾತ್ರ. ಸ್ಪೇಸ್ ಒತ್ತಿದರೆ ಬಲೆ ಬೀಳುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಗೆಳೆಯ ಎರಡು ನಿಮಿಷ ಆಡಿ "ಚೆನ್ನಾಗಿದೆ, ಕಂಟ್ರೋಲ್ ಸ್ವಲ್ಪ ಸರಿ ಮಾಡು" ಅಂತ ಹೇಳಿ ಎದ್ದು ಹೋಗುತ್ತಾನೆ. ಮಾಡಿದವಳಿಗೆ ಇದರಿಂದ ಏನು ಸಿಕ್ಕಿತು? ಏನನ್ನು ಸರಿ ಮಾಡಬೇಕು?

ಅವನೇ ಹೀಗೆ ಹೇಳಿದ್ದರೆ: "ಮೊದಲು ಆ್ಯರೋ ಕೀ ಒತ್ತಿದೆ, ಏನೂ ಆಗಲಿಲ್ಲ. ಆಟ ಹ್ಯಾಂಗ್ ಆಯಿತು ಅಂದುಕೊಂಡೆ. ಆಮೇಲೆ ಸ್ಪೇಸ್ ಒತ್ತಿದಾಗ ಬಲೆ ಬಿತ್ತು. ಆದರೆ ಮೀನು ಸಿಕ್ಕಿದ್ದು ಗೊತ್ತೇ ಆಗಲಿಲ್ಲ. ಅಂಕ ಮೂಲೆಯಲ್ಲಿ ಏರುತ್ತಿತ್ತು, ನನ್ನ ಕಣ್ಣು ಬಲೆಯ ಮೇಲಿತ್ತು." ಈಗ ಅವಳಿಗೆ ಕೆಲಸ ಸಿಕ್ಕಿತು. ದೋಣಿ ತಿರುಗುವುದಿಲ್ಲ ಅನ್ನುವುದನ್ನು ಮೊದಲ ಐದು ಸೆಕೆಂಡಿನಲ್ಲೇ ತೋರಿಸಬೇಕು. ಮೀನು ಸಿಕ್ಕಿದಾಗ ಬಲೆಯ ಹತ್ತಿರವೇ ಒಂದು ಶಬ್ದವೋ ಮಿಂಚೋ ಬೇಕು.

ನಾನು ಕೇಳುವುದು ಇಷ್ಟೇ. ತೀರ್ಪು ಕೊಡುವ ಮೊದಲು ವರದಿ ಕೊಡಿ. ಎಲ್ಲಿ, ಏನು ಮಾಡಿದಿರಿ, ಏನು ಆಗುತ್ತದೆ ಅಂದುಕೊಂಡಿರಿ, ನಿಜವಾಗಿ ಏನಾಯಿತು.

ನಮ್ಮ ಕರಾವಳಿಯವರಿಗೆ ಇದು ಹೊಸತೇನಲ್ಲ. ರಾತ್ರಿ ಇಡೀ ಯಕ್ಷಗಾನ ನೋಡಿ ಬೆಳಿಗ್ಗೆ ಬಸ್ಸಿಗೆ ಕಾಯುವವರ ಮಾತು ಕೇಳಿದ್ದೀರಲ್ವಾ? "ಒಡ್ಡೋಲಗ ಉದ್ದ ಆಯ್ತು." "ಆ ಪದ್ಯಕ್ಕೆ ಭಾಗವತರು ವೇಗ ಏರಿಸಿದ್ದು ಜಾಸ್ತಿ ಆಯ್ತು, ವೇಷಕ್ಕೆ ಕುಣಿಯಲಿಕ್ಕೆ ಜಾಗವೇ ಸಿಗಲಿಲ್ಲ." ಯಾವ ಪದ್ಯ, ಯಾವ ಹೊತ್ತು, ಯಾರಿಗೆ ಏನು ತೊಂದರೆಯಾಯಿತು, ಎಲ್ಲ ಅದರಲ್ಲಿದೆ. ಕಂಪ್ಯೂಟರ್ ಮುಂದೆ ಕೂತ ಕೂಡಲೇ ಆ ಕಿವಿ, ಆ ಕಣ್ಣು ಎಲ್ಲಿಗೆ ಹೋಗುತ್ತದೆ? "ನೈಸ್ ಗೇಮ್ ಬ್ರೋ" ಅಂತ ಬರೆದು ಮುಂದೆ ಹೋಗುತ್ತೇವೆ.

ಇದಕ್ಕೆ ಜಾಮ್‌ಗಳ ವ್ಯವಸ್ಥೆಯೂ ಒಂದು ಕಾರಣ. ಲುಡಮ್ ಡೇರ್ ಅನ್ನುವ ಆನ್‌ಲೈನ್ ಜಾಮ್ 2002ರಲ್ಲಿ ಶುರುವಾದದ್ದು. ಒಬ್ಬರೇ 48 ಗಂಟೆಯಲ್ಲಿ ಆಟ ಮಾಡುವುದು ಅದರ ಪ್ರಸಿದ್ಧ ರೂಪ. ಅಲ್ಲಿ ಅಂಕ ಕೊಡುವವರು ಭಾಗವಹಿಸಿದವರೇ. ಮಜಾ, ಹೊಸತನ, ಥೀಮ್, ಗ್ರಾಫಿಕ್ಸ್, ಆಡಿಯೋ ಅಂತ ಬೇರೆ ಬೇರೆ ಅಂಕ. ರ‍್ಯಾಂಕ್ ಬೇಕಾದರೆ ನಿಮ್ಮ ಆಟಕ್ಕೆ ಕನಿಷ್ಠ 20 ರೇಟಿಂಗ್ ಬೇಕು. ನೀವು ಬೇರೆಯವರ ಆಟ ಆಡಿ ರೇಟ್ ಮಾಡಿದಷ್ಟೂ ನಿಮ್ಮದು ಜನರ ಕಣ್ಣಿಗೆ ಬೀಳುತ್ತದೆ. ಕೊಟ್ಟು ತಗೊಳ್ಳುವ ಈ ಏರ್ಪಾಡು ನನಗೆ ಇಷ್ಟ, ಯಾಕಂದ್ರೆ ಇದಿಲ್ಲದಿದ್ದರೆ ಹೊಸಬರ ಆಟ ಯಾರೂ ತೆರೆಯುವುದಿಲ್ಲ. ಆದರೆ ಅವಸರದಲ್ಲಿ ಹತ್ತು ಆಟಕ್ಕೆ ಹತ್ತು ಸಾಲು ಬರೆದು ಲೆಕ್ಕ ಮುಗಿಸುವ ಅಭ್ಯಾಸ ಬೆಳೆಯುವುದೂ ಅಲ್ಲಿಂದಲೇ. ಹತ್ತು ಆಟ ಆಡುವ ಬದಲು ನಾಲ್ಕು ಆಡಿ, ನಾಲ್ಕಕ್ಕೂ ಒಂದೊಂದು ಪ್ಯಾರಾ ಬರೆಯಿರಿ.

ಇನ್ನೊಂದು ಮಾತು ಪ್ರಯೋಗದ ಆಟಗಳ ಬಗ್ಗೆ. ಇದು ನನಗೆ ತುಂಬಾ ಮುಖ್ಯ.

2013ರ ಗ್ಲೋಬಲ್ ಗೇಮ್ ಜಾಮ್‌ನಲ್ಲಿ 48 ಗಂಟೆಯಲ್ಲಿ ಹುಟ್ಟಿದ ಆಟ ಸರ್ಜನ್ ಸಿಮ್ಯುಲೇಟರ್. ಅದರಲ್ಲಿ ನೀವು ಆಪರೇಷನ್ ಮಾಡುವ ಡಾಕ್ಟರ್, ಕೈಯ ಒಂದೊಂದು ಬೆರಳಿಗೆ ಒಂದೊಂದು ಕೀ. ಕತ್ತರಿ ಹಿಡಿಯಲಿಕ್ಕೆ ಹೋದರೆ ಗಡಿಯಾರ ಬೀಳುತ್ತದೆ. "ಕಂಟ್ರೋಲ್ ಕಷ್ಟ, ಮೌಸ್‌ನಲ್ಲಿ ಕ್ಲಿಕ್ ಮಾಡುವ ಹಾಗೆ ಮಾಡಿ" ಅನ್ನುವ ಸಲಹೆಯನ್ನು ಅವರು ಪಾಲಿಸಿದ್ದರೆ ಆ ಆಟವೇ ಇರುತ್ತಿರಲಿಲ್ಲ. ಆ ಕಷ್ಟವೇ ಅದರ ಜೀವ. ಬಾಬಾ ಈಸ್ ಯೂ 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ ಮೊದಲು ಬಂದಾಗಲೂ ಚಿತ್ರಗಳು ತೀರಾ ಸರಳ. ಪರದೆಯ ಮೇಲೆ ಪದಗಳಾಗಿ ಇರುವ ಆಟದ ನಿಯಮಗಳನ್ನೇ ತಳ್ಳಿ ಬದಲಾಯಿಸಬಹುದು ಅನ್ನುವ ಒಂದು ಯೋಚನೆ ಅಲ್ಲಿತ್ತು. 2019ರಲ್ಲಿ ಅದು ಪೂರ್ತಿ ಆಟವಾಗಿ ಬಂತು.

ಹಾಗಾಗಿ ಪ್ರಯೋಗದ ಆಟ ಆಡುವಾಗ ಮೊದಲು ಕೇಳಬೇಕಾದದ್ದು: ಇದು ಏನನ್ನು ಪ್ರಯತ್ನಿಸುತ್ತಿದೆ? ನಿಮ್ಮಲ್ಲಿ ಯಾರೋ ಚೆನ್ನೆಮಣೆ ಇಟ್ಟುಕೊಂಡು ಆಟ ಮಾಡಿದ್ದಾರೆ ಅಂದುಕೊಳ್ಳಿ. ಹದಿನಾಲ್ಕು ಗುಳಿ, ಆದರೆ ಎಲ್ಲವೂ ಮುಚ್ಚಿವೆ. ಕಾಯಿ ಬೀಳುವ ಶಬ್ದ ಮಾತ್ರ ಕೇಳುತ್ತದೆ, ಯಾವ ಗುಳಿಯಲ್ಲಿ ಎಷ್ಟಿದೆ ಅಂತ ನೆನಪಿಟ್ಟುಕೊಂಡು ಆಡಬೇಕು. ಅವರಿಗೆ "ಲೆವೆಲ್ ಜಾಸ್ತಿ ಮಾಡಿ, ಲೀಡರ್‌ಬೋರ್ಡ್ ಹಾಕಿ, ಗ್ರಾಫಿಕ್ಸ್ ಚಂದ ಮಾಡಿ" ಅಂದರೆ ನೀವು ಬೇರೆ ಆಟ ಕೇಳುತ್ತಿದ್ದೀರಿ. "ಮೂರನೇ ಸುತ್ತಿನ ಹೊತ್ತಿಗೆ ನನ್ನ ಲೆಕ್ಕ ತಪ್ಪಿತು, ಆಮೇಲೆ ಸುಮ್ನೆ ಯಾವುದೋ ಗುಳಿ ಒತ್ತಿದೆ" ಅನ್ನಿ. ಆಗ ಅವರು ಗುಳಿ ಕಡಿಮೆ ಮಾಡಬಹುದು, ಶಬ್ದದಲ್ಲಿ ವ್ಯತ್ಯಾಸ ತರಬಹುದು. ಯಾವುದು ಅಂತ ಅವರೇ ನೋಡಿಕೊಳ್ಳಲಿ.

ಈಗ ಕೇಳಿಸಿಕೊಳ್ಳುವವರ ಕಡೆಗೆ ಬರುತ್ತೇನೆ. ಇದು ಹೆಚ್ಚು ಕಷ್ಟದ ಕೆಲಸ.

ಯಾರಾದರೂ ನಿಮ್ಮ ಆಟದ ಮುಂದೆ ಕೂತಾಗ ಬಾಯಿ ಮುಚ್ಚಿಕೊಂಡಿರಿ. "ಅಲ್ಲಿ ಒತ್ತಿ, ಮೇಲೆ ಹೋಗಿ" ಅಂತ ಹೇಳಬೇಡಿ. ಆಟ ಡೌನ್‌ಲೋಡ್ ಮಾಡಿದವರ ಪಕ್ಕದಲ್ಲಿ ನಾಳೆ ನೀವು ಇರುವುದಿಲ್ಲ. ಮೊದಲ ಸಲ ಆಡುವ ಕಣ್ಣು ಒಬ್ಬರಲ್ಲಿ ಒಂದೇ ಸಲ ಸಿಗುತ್ತದೆ, ಒಮ್ಮೆ ಹೇಳಿಕೊಟ್ಟರೆ ಅದು ಹೋಯಿತು. ಅವರ ಬೆರಳು ಯಾವ ಕೀ ಹುಡುಕುತ್ತದೆ ನೋಡಿ. "ಎಂಚಿನ ಮಾರಾಯಾ!" ಅಂತ ಬಾಯಿಂದ ಬಂದ ಕ್ಷಣ ಪರದೆಯಲ್ಲಿ ಏನಿತ್ತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಅವರು ಸಭ್ಯವಾಗಿ ಹೇಳುವ ಮಾತಿಗಿಂತ ನಾನು ಆ ಉದ್ಗಾರವನ್ನೇ ನಂಬುತ್ತೇನೆ.

ಜನ ಹೇಳುವ ತೊಂದರೆ ಸಾಮಾನ್ಯವಾಗಿ ನಿಜ, ಅವರು ಹೇಳುವ ಪರಿಹಾರ ಎಷ್ಟೋ ಸಲ ಸರಿ ಇರುವುದಿಲ್ಲ. ಪ್ಲಾಟ್‌ಫಾರ್ಮರ್, ಅಂದರೆ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುವ ಆಟ, ಮಾಡಿದವರೆಲ್ಲ ಈ ದೂರು ಕೇಳಿರುತ್ತಾರೆ: "ಜಂಪ್ ಒತ್ತಿದೆ, ಹಾರಲೇ ಇಲ್ಲ." ನೀವು ಕೋಡ್ ನೋಡುತ್ತೀರಿ, ಎಲ್ಲ ಸರಿ ಇದೆ. ಆಟಗಾರ ಅಂಚು ದಾಟಿ ಕೆಳಗೆ ಬೀಳಲು ಶುರುವಾದ ಮೇಲೆ ಒತ್ತಿದ್ದಾನೆ. ನಿಮ್ಮ ಕೋಡ್ ತಪ್ಪಿಲ್ಲ, ಅವನು ಸುಳ್ಳು ಹೇಳುತ್ತಿಲ್ಲ. ಇದಕ್ಕೆ ಕಂಡುಕೊಂಡ ದಾರಿಗೆ ಕಯೋಟಿ ಟೈಮ್ ಅನ್ನುತ್ತಾರೆ. ಅಂಚು ಬಿಟ್ಟ ಮೇಲೂ ಕಣ್ಣಿಗೆ ಕಾಣದಷ್ಟು ಹೊತ್ತು ಹಾರಲಿಕ್ಕೆ ಅವಕಾಶ ಕೊಡುವುದು. ಸೆಲೆಸ್ಟ್ ಆಟದಲ್ಲಿ ಅದು 0.1 ಸೆಕೆಂಡ್. ದೂರು ಹೇಳಿದವರಲ್ಲಿ ಯಾರೂ "0.1 ಸೆಕೆಂಡ್ ರಿಯಾಯಿತಿ ಕೊಡಿ" ಅಂತ ಹೇಳುವುದಿಲ್ಲ. "ಜಂಪ್ ಎತ್ತರ ಮಾಡಿ" ಅನ್ನಬಹುದು, "ಕೀಬೋರ್ಡ್ ಸರಿ ಇಲ್ಲ" ಅನ್ನಬಹುದು. ಅದರ ಹಿಂದೆ ಏನಿದೆ ಅಂತ ಹುಡುಕುವುದು ನಿಮ್ಮ ಕೆಲಸ.

"ಟೈಮ್ ಇರಲಿಲ್ಲ" ಅನ್ನುವ ಉತ್ತರವನ್ನೂ ಬಿಟ್ಟುಬಿಡಿ. ಇಲ್ಲಿ ಯಾರಿಗೂ ಟೈಮ್ ಇರಲಿಲ್ಲ, ಅದು ಎಲ್ಲರಿಗೂ ಗೊತ್ತು. ಆ ಮಾತು ಬಂದ ಕೂಡಲೇ ಎದುರಿನವರು ಸುಮ್ಮನಾಗುತ್ತಾರೆ. ಅವರು ಹೇಳಬೇಕಿದ್ದ ಮುಂದಿನ ಮಾತು ನಿಮಗೆ ಸಿಗುವುದಿಲ್ಲ. ಬಂದ ಪ್ರತಿ ಸಲಹೆಯನ್ನೂ ಒಪ್ಪಬೇಕು ಅಂತಲ್ಲ. ಕೇಳಿ, ಬರೆದುಕೊಳ್ಳಿ, ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಆಮೇಲೆ ತೀರ್ಮಾನ ಮಾಡಿ. ಪರಿಚಯವಿಲ್ಲದ ಇಬ್ಬರು ಮೂವರು ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಅಲ್ಲಿಗೆ ಹೋಗಿ. ಹೆಚ್ಚಿನ ಜಾಮ್ ಆಟಗಳು ಮುಂದೆ ಬೆಳೆಯುವುದಿಲ್ಲ, ಅದರಲ್ಲಿ ಬೇಜಾರು ಪಡುವಂಥದ್ದಿಲ್ಲ. ಈ ಆಟಕ್ಕೆ ಸಿಕ್ಕಿದ ಟಿಪ್ಪಣಿ ನಿಮ್ಮ ಮುಂದಿನ ಆಟಕ್ಕೆ ಬೇಕಾಗುತ್ತದೆ.

ಕೊನೆಗೆ, "ಹೇಗಿತ್ತು?" ಅಂತ ಕೇಳಬೇಡಿ. ಹಾಗೆ ಕೇಳಿದರೆ ನಮ್ಮೂರಲ್ಲಿ ಯಾರೂ "ಚೆನ್ನಾಗಿತ್ತು" ಬಿಟ್ಟು ಬೇರೆ ಹೇಳುವುದಿಲ್ಲ. "ಎಲ್ಲಿ ಬಿಟ್ಟು ಏಳೋಣ ಅನ್ನಿಸಿತು?" ಅಂತ ಕೇಳಿ. "ಈ ಆಟದಲ್ಲಿ ಏನು ಮಾಡಬೇಕು ಅಂತ ನಿಮ್ಮ ತಮ್ಮನಿಗೆ ಹೇಗೆ ಹೇಳಿಕೊಡುತ್ತೀರಿ?" ಅಂತ ಕೇಳಿ. ಲ್ಯಾಬ್ ತೆರೆದಿದೆ. ಹೆಡ್‌ಫೋನ್ ತಗೊಳ್ಳಿ, ಪೆನ್ನು ಕಾಗದ ತಗೊಳ್ಳಿ, ನಿಮಗೆ ಪರಿಚಯವಿಲ್ಲದವರ ಆಟದಿಂದ ಶುರು ಮಾಡಿ.