ವಾರ್ಡ್ರೋಬ್‌ಗೆ ಯಾವ ಬೋರ್ಡ್? ಪೂರ್ತಿ ಮೆರೈನ್ ಪ್ಲೈ ಬೇಕಾಗಿಲ್ಲ

[ಟೇಬಲ್ ಮೇಲೆ ಪ್ಲೈವುಡ್, ಬ್ಲಾಕ್‌ಬೋರ್ಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್ ತುಂಡುಗಳು. ಅಂಚು ಕ್ಯಾಮೆರಾ ಕಡೆಗೆ]

ನಮಸ್ಕಾರ. ಕೋಲಾರದಲ್ಲಿ ಮನೆ ಕಟ್ಟಿ ಮರಗೆಲಸಕ್ಕೆ ಕೈ ಹಾಕಿದವರು ಈ ಮಾತು ಕೇಳಿಯೇ ಇರುತ್ತೀರಿ: "ಸಾರ್, ಪೂರ್ತಿ ಮೆರೈನ್ ಪ್ಲೈ ಹಾಕಿಬಿಡೋಣ, ಆಮೇಲೆ ತಲೆನೋವೇ ಇರಲ್ಲ." ಆಚಾರಿ ಹೇಳೋದು ಸುಳ್ಳೇನಲ್ಲ. ಆದರೆ ಸಿಂಕ್ ಕೆಳಗೆ ಹಾಕೋ ಹಲಗೆ ಸೀರೆ, ಷರ್ಟ್ ಇಡೋ ಜಾಗಕ್ಕೆ ಯಾಕೆ? ತಳ, ಪಕ್ಕ, ಶೆಲ್ಫ್, ಬಾಗಿಲು, ಬೆನ್ನು, ಒಂದೊಂದಕ್ಕೂ ಬರೋ ಕಷ್ಟ ಬೇರೆ ಬೇರೆ. ಅದನ್ನು ನೋಡಿ ದುಡ್ಡು ಹಾಕಬೇಕು, ಅಷ್ಟೇ.

ಮೊದಲು ಗೋಡೆ ನೋಡಿ. ಮೇಸ್ತ್ರಿ ಆಗಲೇ ಕಡಪ ಕಲ್ಲು ಕೂರಿಸಿ ಶೆಲ್ಫ್ ಮಾಡಿಕೊಟ್ಟಿದ್ದರೆ ನಿಮಗೆ ಬಾಕ್ಸೇ ಬೇಡ, ಫ್ರೇಮ್ ಮತ್ತು ಬಾಗಿಲು ಸಾಕು. ಚೆನ್ನಾಗಿರೋ ಕಲ್ಲು ಒಡೆಸಿ ಪ್ಲೈ ಹಾಕಿಸೋರನ್ನು ಕಂಡರೆ ನನಗಂತೂ ಹೊಟ್ಟೆ ಉರಿಯುತ್ತದೆ. ಕಲ್ಲು ಬಾಗಲ್ಲ, ಗೆದ್ದಲೂ ತಿನ್ನಲ್ಲ.

[ಪ್ಲೈವುಡ್ ತುಂಡು ಕೈಯಲ್ಲಿ]

ಇದು ಪ್ಲೈವುಡ್. ಅಂಗಡಿಯಲ್ಲಿ "ಕಮರ್ಷಿಯಲ್" ಅನ್ನೋದು ಎಂಆರ್ (ತೇವ ತಡೆಯೋ) ದರ್ಜೆ, ಐಎಸ್ 303 ಅನ್ನೋ ಭಾರತೀಯ ಮಾನದಂಡದ್ದು. ಗಾಳಿಯ ತೇವ ತಡೆಯುತ್ತದೆ, ನೀರು ನಿಂತರೆ ತಡೆಯಲ್ಲ. ಮೆರೈನ್ ಅಂದರೆ ಐಎಸ್ 710. ಅದರ ಅಂಟಿಗೆ 72 ಗಂಟೆ ಕುದಿಯೋ ನೀರಿನ ಪರೀಕ್ಷೆ ಇದೆ. ನಮ್ಮದು ಮಂಗಳೂರಿನಂಥ ಹವೆ ಅಲ್ಲ. ಒಣ ಊರು, ಮಳೆ ಜೋರಾಗೋದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಒಳಗೋಡೆಗೆ ಒರಗಿದ ವಾರ್ಡ್ರೋಬ್‌ಗೆ ಒಳ್ಳೆ ಎಂಆರ್ ಪ್ಲೈ ಸಾಕು. ಗೋಡೆಯ ಆಚೆ ಬಾತ್‌ರೂಮ್ ಇದ್ದರೆ, ಅಥವಾ ಮಳೆ ಹೊಡೆಯೋ ಹೊರಗೋಡೆ ಆಗಿದ್ದರೆ ಮಾತು ಬೇರೆ. ಆಗ ಬೆನ್ನಿಗೆ, ತಳಕ್ಕೆ, ಆ ಕಡೆಯ ಪಕ್ಕಕ್ಕೆ ಮೆರೈನ್ ಹಾಕಿಸಿ. ಗೋಡೆಯಲ್ಲಿ ತೇವ ಇದ್ದರೆ ಮೊದಲು ಗೋಡೆ ರಿಪೇರಿ, ಪ್ಲೈ ಆಮೇಲೆ.

ನಮ್ಮ ಕಡೆ ಮಳೆಗಿಂತ ಗೆದ್ದಲಿನ ಕಾಟ ಜಾಸ್ತಿ ಅಲ್ವಾ? ಅದು ನೆಲದಿಂದ, ಗೋಡೆಯ ಸಂದಿಯಿಂದ ಬರುತ್ತದೆ. ಅದಕ್ಕೇ ಬಾಕ್ಸನ್ನು ನೇರ ನೆಲದ ಮೇಲೆ ಕೂರಿಸಬೇಡಿ. ಕೆಳಗೆ ಮೂರು ನಾಲ್ಕು ಇಂಚು ಗ್ರಾನೈಟ್ ಕಟ್ಟೆ ಮಾಡಿಸಿ, ಅದರ ಮೇಲೆ ಬಾಕ್ಸ್ ಬರಲಿ. ಮನೆಯಲ್ಲಿ ಉಳಿದ ಗ್ರಾನೈಟ್ ಚೂರೇ ಆಗುತ್ತದೆ. ಅದರಿಂದ ಗೆದ್ದಲು ಪೂರ್ತಿ ನಿಲ್ಲಲ್ಲ, ಆದರೆ ಮಣ್ಣಿನ ಗೆರೆ ಏರೋದು ಕಣ್ಣಿಗೆ ಬೀಳುತ್ತದೆ, ಬೇಗ ಔಷಧಿ ಹೊಡೆಸಬಹುದು.

[ಅಂಚಿನ ಹತ್ತಿರದ ಶಾಟ್]

ಪ್ಲೈ ಕೊಳ್ಳುವಾಗ ಮೇಲಿನ ಮುಖ ನೋಡಬೇಡಿ, ಅಂಚು ನೋಡಿ. ಪದರದ ನಡುವೆ ತೂತು, ಸಂದಿ ಇದ್ದರೆ ಸ್ಕ್ರೂ ಅಲ್ಲೇ ಸಡಿಲ ಆಗುತ್ತದೆ. ಒಳಗೆ ಪಾಪ್ಲರ್ ಮರ ಇದ್ದರೆ ಶೀಟ್ ಹಗುರ. ನಮ್ಮ ತೋಪುಗಳಲ್ಲಿ ಕಾಣೋ ನೀಲಗಿರಿ ಇದ್ದರೆ ತೂಕ ಜಾಸ್ತಿ, ಸ್ಕ್ರೂ ಹಿಡಿತವೂ ಗಟ್ಟಿ. 18 ಎಂಎಂ ಅಂತ ದುಡ್ಡು ತಗೊಂಡು 16 ಕೊಡೋರೂ ಇದ್ದಾರೆ, ಅಳತೆ ಹಿಡಿದೇ ನೋಡಿ. ಐಎಸ್‌ಐ ಗುರುತಿನ ಜೊತೆ ಇರೋ ಲೈಸೆನ್ಸ್ ನಂಬರನ್ನು ಆ ಗುರುತು ಕೊಡೋ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಲೈಸೆನ್ಸ್ ಅಂತ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಬಾಗಿಲಿಗೆ ಬನ್ನಿ. ಏಳಡಿ ಉದ್ದದ ಬಾಗಿಲಿಗೆ ನಾನು ಪ್ಲೈ ಹೇಳಲ್ಲ, ಬ್ಲಾಕ್‌ಬೋರ್ಡ್ ಹೇಳ್ತೀನಿ. ಒಳಗೆ ಮರದ ಪಟ್ಟಿ ಜೋಡಿಸಿರುತ್ತಾರೆ, ಉದ್ದಕ್ಕೆ ಪ್ಲೈಗಿಂತ ಕಡಿಮೆ ಬಾಗುತ್ತದೆ. ಆದರೆ ಕತ್ತರಿಸುವಾಗ ಆ ಪಟ್ಟಿಗಳು ಬಾಗಿಲಿನ ಎತ್ತರದ ದಿಕ್ಕಿಗೇ ಬರಬೇಕು. ಶೀಟ್ ಉಳಿಸೋಕೆ ಅಡ್ಡ ಕತ್ತರಿಸಿದರೆ ಬ್ಲಾಕ್‌ಬೋರ್ಡ್ ಹಾಕಿಸಿದ್ದೂ ದಂಡ, ಅದಕ್ಕೆ ಕತ್ತರಿಸೋ ಹೊತ್ತಿಗೆ ನೀವು ಅಲ್ಲಿರಿ. ಇನ್ನೊಂದು, ಹೊರಗೆ ಮೈಕಾ ಅಂಟಿಸಿ ಒಳಗೆ ಸುಮ್ನೆ ಬಿಟ್ಟರೆ ಯಾವ ಬೋರ್ಡ್ ಆದರೂ ಸೊಟ್ಟ ಆಗುತ್ತದೆ. ಎರಡೂ ಕಡೆ ಅಂಟಿಸಲೇಬೇಕು, ಒಳಗಡೆ ತೆಳುವಾದದ್ದಾದರೂ ಪರವಾಗಿಲ್ಲ.

ಎಂಡಿಎಫ್ ಅಂದರೆ ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ, ನುಣುಪು. ಡಿಸೈನ್ ಕೊರೆದು ಪೇಂಟ್ ಹೊಡೆಸೋ ಬಾಗಿಲಿಗೆ ಚೆನ್ನ. ಆದರೆ 18 ಎಂಎಂನ ಎಂಟು ನಾಲ್ಕು ಅಡಿ ಶೀಟ್ ಸುಮಾರು 40 ಕೆಜಿ ತೂಗುತ್ತದೆ, ಹಿಂಜ್ ಜಾಸ್ತಿ ಬೇಕು. ಎಚ್‌ಡಿಎಚ್‌ಎಂಆರ್ ಅನ್ನೋದು ಅದೇ ಜಾತಿಯ, ಹೆಚ್ಚು ಒತ್ತಿ ಮಾಡಿದ ಹಲಗೆ, ಇನ್ನೂ ತೂಕ, ತೇವಕ್ಕೆ ಎಂಡಿಎಫ್‌ಗಿಂತ ಗಟ್ಟಿ. ಫ್ಯಾಕ್ಟರಿಯಲ್ಲಿ ಮೆಷಿನ್ ಕಟಿಂಗ್ ಮಾಡಿಸೋದಾದರೆ ಸರಿ.

[ಪಾರ್ಟಿಕಲ್ ಬೋರ್ಡ್ ಮುರಿದು ತೋರಿಸುವುದು]

ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರು, ಅಂಟು. ಎಲ್ಲಕ್ಕಿಂತ ಅಗ್ಗ. ಬಾಡಿಗೆ ಮನೆಗೆ, ನಾಲ್ಕೈದು ವರ್ಷಕ್ಕೆ ಆದರೆ ತಪ್ಪಿಲ್ಲ. ಎರಡಡಿಗಿಂತ ಅಗಲದ ಶೆಲ್ಫ್ ಮಾತ್ರ ಇದರಲ್ಲಿ ಮಾಡಿಸಬೇಡಿ, ರೇಷ್ಮೆ ಸೀರೆಗಳ ರಾಶಿ ಇಟ್ಟರೆ ನಡುವೆ ಜೋತುಬೀಳುತ್ತದೆ. ಒಮ್ಮೆ ಕಿತ್ತ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ನಿಲ್ಲಲ್ಲ. ಇದಕ್ಕೆ, ಎಂಡಿಎಫ್‌ಗೆ ನಾಲ್ಕೂ ಅಂಚಿಗೆ ಬ್ಯಾಂಡಿಂಗ್, ಅಂದರೆ ಅಂಚು ಮುಚ್ಚೋ ಪಟ್ಟಿ ಬೇಕು. ಗೋಡೆ ಕಡೆ ಕಾಣಲ್ಲ ಅಂತ ಬಿಟ್ಟುಬಿಡ್ತಾರೆ, ತೇವ ಅಲ್ಲಿಂದಲೇ ಒಳಗೆ ಹೋಗೋದು. ಹೊಸ ಬೋರ್ಡಿನಿಂದ ಬರೋ ಘಾಟು ಅಂಟಿನ ಫಾರ್ಮಾಲ್ಡಿಹೈಡ್. ಅದನ್ನು ಕಡಿಮೆ ಬಿಡೋ ಇ1 ಅಥವಾ ಇ0 ದರ್ಜೆ ಕೇಳಿ ತಗೊಳ್ಳಿ, ಬಟ್ಟೆ ಜೋಡಿಸೋ ಮೊದಲು ಕೆಲವು ದಿನ ಬಾಗಿಲು ತೆಗೆದಿಡಿ.

ಬಿಲ್ ಮೇಲೆ ದರ್ಜೆ, ದಪ್ಪ, ಐಎಸ್ ನಂಬರ್ ಮೂರನ್ನೂ ಬರೆಸಿಕೊಳ್ಳಿ. "ಬಿಲ್ ಬೇಡ ಅಂದರೆ ಕಮ್ಮಿ ಮಾಡ್ತೀನಿ" ಅನ್ನೋ ಅಂಗಡಿ ಬಿಟ್ಟು ಪಕ್ಕದ ಅಂಗಡಿಗೆ ಹೋಗಿ. ಹಿಂಜ್, ಚಾನೆಲ್ ವಿಷಯ ಮುಂದಿನ ವಿಡಿಯೋದಲ್ಲಿ.