ಅನ್‌ಹೆಡೋನಿಯಾ: ದುಃಖವಲ್ಲ, ಸಪ್ಪೆ

ಕೇಳುಗರಿಗೆ ನಮಸ್ಕಾರ. ಇಂಗ್ಲಿಷಿನಲ್ಲಿ ಅನ್‌ಹೆಡೋನಿಯಾ ಅಂತ ಒಂದು ಪದವಿದೆ. ಕೇಳಿದ ಕೂಡಲೇ ‘ದುಃಖ’ ಅಂತ ಪಕ್ಕದಲ್ಲಿ ಬರೆದುಕೊಂಡು ಬಿಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಇದು ದುಃಖವಲ್ಲ. ಖುಷಿ ತಟ್ಟದೇ ಇರುವುದು.

ಪದ ಹುಟ್ಟಿದ್ದು ಫ್ರಾನ್ಸಿನಲ್ಲಿ. ಥಿಯೋಡ್ಯೂಲ್ ರಿಬೋ ಎಂಬ ಮನಶ್ಶಾಸ್ತ್ರಜ್ಞರು 1896ರಲ್ಲಿ ಭಾವನೆಗಳ ಬಗ್ಗೆ ಒಂದು ಪುಸ್ತಕ ತಂದರು. ನೋವು ಗೊತ್ತಾಗದ ಸ್ಥಿತಿಗೆ ಆಗಲೇ ಅನಾಲ್ಜೀಸಿಯಾ ಎಂಬ ಹೆಸರಿತ್ತು. ಸುಖ ಗೊತ್ತಾಗದಿದ್ದರೆ? ಅದಕ್ಕೆ ಜೋಡಿಯಾಗಿ ಈ ಪದ ಕಟ್ಟಿದರು.

ಅವರು ಕೊಟ್ಟ ಉದಾಹರಣೆಗಳೆಂದರೆ ನನಗೆ ಬಲು ಇಷ್ಟ. ಒಬ್ಬ ಹುಡುಗಿ. ಲಿವರ್ ಕಾಯಿಲೆ ಬಂತು. ಅಪ್ಪ ಅಮ್ಮನ ಮೇಲಿನ ಅಕ್ಕರೆಯೇ ಹೋಯಿತು. ಗೊಂಬೆ ಜೊತೆ ಆಡಲು ಕೂತರೆ ಚೂರೂ ಖುಷಿಯಿಲ್ಲ. ಮೊದಲು ಬಿದ್ದು ಬಿದ್ದು ನಗಿಸುತ್ತಿದ್ದದ್ದು ಈಗ ಬೇಕೇ ಇಲ್ಲ. ಇನ್ನೊಬ್ಬರು ನ್ಯಾಯಾಧೀಶರು, ಎಸ್ಕಿರೋಲ್ ಎಂಬ ವೈದ್ಯರು ಕಂಡ ರೋಗಿ. ಬಹಳ ಬುದ್ಧಿವಂತರು. ರೇಗಾಟವಿಲ್ಲ, ಕೂಗಾಟವಿಲ್ಲ. ರೂಢಿ ಬಿಡಬಾರದಲ್ಲ, ನಾಟಕಕ್ಕೆ ಹೋಗುತ್ತಾರೆ. ಸುಮ್ನೆ ಕೂತು ಎದ್ದು ಬರುತ್ತಾರೆ. ಮನೆ, ಹೆಂಡತಿ, ದೂರದಲ್ಲಿರುವ ಮಕ್ಕಳು, ಇವರನ್ನೆಲ್ಲ ನೆನೆದರೆ ಏನನ್ನಿಸುತ್ತದೆ? ಯೂಕ್ಲಿಡ್‌ನ ಪ್ರಮೇಯ ನೆನೆದಷ್ಟೇ ಅಂದರಂತೆ! ಹೆಂಡತಿ ಮಕ್ಕಳು ರೇಖಾಗಣಿತದ ಪ್ರಮೇಯ! ಗಮನಿಸಿ, ದುಃಖ ಅಂತ ಅವರು ಹೇಳಲೇ ಇಲ್ಲ.

ಸಮಯ ಓಡುತ್ತಿದೆ, ಪದವನ್ನು ಬೇಗ ಬಿಡಿಸೋಣ. ಎರಡೂ ತುಂಡು ಗ್ರೀಕ್. ‘ಅನ್’ ಅಂದರೆ ಇಲ್ಲ. ಅನಂತ, ಅನಾದಿ ಅನ್ನುತ್ತೇವಲ್ವಾ, ಆ ‘ಅನ್’ಗೆ ಇದು ಒಡಹುಟ್ಟು. ‘ಹೆಡೊನೆ’ ಅಂದರೆ ಸುಖ. ಅದರ ನೆಂಟ ‘ಹೆಡುಸ್’, ಅಂದರೆ ಸಿಹಿ. ಹಳಗನ್ನಡದ ಪಾಲು ಹಾಲಾಯಿತಲ್ಲ, ಹಾಗೆ ಗ್ರೀಕಿನಲ್ಲಿ ಪದದ ಮೊದಲ ಸಕಾರ ಹಕಾರವಾಯಿತು. ನಮ್ಮ ಸಪ್ತ ಅವರಲ್ಲಿ ಹೆಪ್ತಾ. ಈಗ ಹೆಡುಸ್ ನೋಡಿ: ಸಂಸ್ಕೃತದ ಸ್ವಾದು, ಇಂಗ್ಲಿಷಿನ ಸ್ವೀಟ್, ಮೂರೂ ಒಂದೇ ಬೇರಿನವು. ಬೇರಿನಲ್ಲೇ ರುಚಿಯ ಮಾತಿದೆ. ಕಹಿ ಅಲ್ಲ ಸ್ವಾಮಿ, ಸಪ್ಪೆ!

ಮುಂದೆ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲಿ ರಿಬೋ ಅವರ ಈ ಮಾತುಗಳನ್ನೇ ಇಂಗ್ಲಿಷ್ ಓದುಗರ ಮುಂದಿಟ್ಟರು. ಇವತ್ತು ಮನೋವೈದ್ಯರು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಇದನ್ನೂ ಹುಡುಕುತ್ತಾರೆ. ‘ಅಳು ಬರುತ್ತದೆಯಾ’ ಅಂತ ಕೇಳಿ ಸುಮ್ಮನಾಗುವುದಿಲ್ಲ, ‘ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತದೆಯಾ’ ಅಂತಲೂ ಕೇಳುತ್ತಾರೆ. ಹೆಡೋನಿಸಂ, ಅಂದರೆ ಸುಖವೇ ಬಾಳಿನ ಗುರಿ ಅನ್ನುವ ವಾದ, ಆ ಪದವೂ ಇದೇ ಹೆಡೊನೆಯದು. ಅದರ ಕಥೆ ದೊಡ್ಡದು, ನನಗೆ ಕೊಟ್ಟ ಸಮಯ ಮುಗಿಯಿತು. ನಮಸ್ಕಾರ.